ಯಾರ ಕೈಯ ಮೊಳ?

ಮೈಸೂರಿನ ಸಿಟಿ ಬಸ್ ನಿಲ್ದಾಣದಲ್ಲಿ ಇಳಿದೊಡನೆ ಅಜ್ಜಿ ತಲೆಯೆತ್ತಿ ನೋಡುತ್ತಿದ್ದುದು ದೊಡ್ಡ ಗಡಿಯಾರವನ್ನು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿಸಿದ ಗೋಪುರ ಅದು. ಅದರಲ್ಲಿರುವುದು ಕನ್ನಡದ ಅಂಕಿಗಳು. "ಎಷ್ಟಾಯ್ತು, ಹೇಳು ಪುಟ್ಟಿ" ಎಂದು ನನ್ನನ್ನು ಅಲ್ಲೇ ನಿಲ್ಲಿಸುತ್ತಿದ್ದಳು. ನನಗೆ ೬ಕ್ಕೂ ೯ಕ್ಕೂ ಸದಾ ಜಗಳ. ಹೇಳುವವರೆಗೆ ಬಿಡುತ್ತಿರಲಿಲ್ಲ. ನಾನು ಕನ್ನಡ ಅಂಕಿ ಕಲಿತದ್ದು ಸ್ಲೇಟಿನಲ್ಲಲ್ಲ, ಬಸ್ಸುಗಳ ಹೊಗೆಯ ನಡುವೆ ಕತ್ತೆತ್ತಿ ನಿಂತು.

ಅಜ್ಜಿ ಹೋಗಿ ಈ ಆಷಾಢಕ್ಕೆ ವರ್ಷವಾಯಿತು. ವರ್ಷಾಬ್ದಿಕದ ಹಿಂದಿನ ದಿನ ಹೂವು, ಎಲೆ, ಬಾಳೆಹಣ್ಣು ತರುವ ಕೆಲಸ ನನ್ನ ಪಾಲಿಗೆ ಬಂತು. ಮನೆ ಹತ್ತಿರವೇ ಎಲ್ಲ ಸಿಗುತ್ತದೆ. ಆದರೂ ದೇವರಾಜ ಮಾರುಕಟ್ಟೆಗೇ ಬಂದೆ.

ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ. ಊದುಬತ್ತಿ, ಪುಟ್ಟ ಗಾಜಿನ ಬಾಟಲಿಗಳ ಸುಗಂಧ ತೈಲ, ಒದ್ದೆ ಗೋಣಿಚೀಲ, ಸ್ವಲ್ಪ ಕೊಳೆತ ಸೊಪ್ಪು. ಗೋಪುರದ ಹಾಗೆ ಒಟ್ಟಿದ ಕುಂಕುಮದ ರಾಶಿಗಳ ಮುಂದೆ ಪ್ರವಾಸಿಗರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಅಜ್ಜಿಗೆ ಆ ರಾಶಿಗಳ ಮೇಲೆ ನಂಬಿಕೆಯಿರಲಿಲ್ಲ. "ಅದು ಹಣೆಗಲ್ಲ, ಫೋಟೋಗೆ" ಎನ್ನುವವಳು.

ಎಲೆ ಅಂಗಡಿ ಮುಂದೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕಟ್ಟು ಬಿಚ್ಚಿಸಿ, ನಡುವಿನಿಂದ ಒಂದೆಲೆ ಎಳೆದು, ತುದಿ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೈಸೂರು ಚಿಗುರೆಲೆ ನಾಲಿಗೆಯನ್ನು ಸುಡಬಾರದು, ಹಲ್ಲಿಗೆ ನಾರು ಸಿಗಬಾರದು. ಇಂದು ಮೈಸೂರು ವೀಳ್ಯದೆಲೆಗೂ ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಜ್ಜಿಯ ಮಾನ್ಯತೆ ಮಾತ್ರ ಕಟ್ಟುಕಟ್ಟಿಗೂ ಬೇರೆ ಬೇರೆ ಆಗಬೇಕಿತ್ತು.

ಬಾಳೆಹಣ್ಣಿನ ಸಾಲಿನಲ್ಲಿ ರಸಬಾಳೆ ಕೇಳಿದೆ. ಏಲಕ್ಕಿಬಾಳೆ, ಪಚ್ಚಬಾಳೆಯ ಗೊನೆಗಳು ಸಾಲಾಗಿ ತೂಗುತ್ತಿದ್ದವು. "ಇವತ್ತು ಬಂದಿಲ್ಲ ಅಕ್ಕ" ಎಂದರು. ಬೇರಿನಿಂದ ಹತ್ತುವ ಸೊರಗು ರೋಗ ನಂಜನಗೂಡಿನ ತೋಟಗಳನ್ನು ತಿಂದು ಹಾಕಿದ ಮೇಲೆ ಅದು ಕೇಳಿದಾಗಲೆಲ್ಲ ಸಿಗುವ ಹಣ್ಣಲ್ಲ. ಸಿಪ್ಪೆ ಕಪ್ಪಾಗಿ ಕಾಗದದಷ್ಟು ತೆಳುವಾಗುವವರೆಗೆ ಅಜ್ಜಿ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕೊಳೆತಿದೆ ಎಂದು ಒಮ್ಮೆ ನನ್ನಮ್ಮ ಇಡೀ ಚಿಪ್ಪನ್ನೇ ಎಸೆದು, ವಾರವಿಡೀ ಬೈಸಿಕೊಂಡಳು. ನಾನು ಏಲಕ್ಕಿಬಾಳೆ ತೆಗೆದುಕೊಂಡೆ. ಅಜ್ಜಿ ಒಪ್ಪುತ್ತಿರಲಿಲ್ಲ.

ಅಲ್ಲಿಂದ ಹೂವಿನ ಸಾಲು. ಸೇವಂತಿಗೆ ಚೀಲಗಟ್ಟಲೆ, ಕನಕಾಂಬರ ತಟ್ಟೆಯಲ್ಲಿ, ಮರುಗ ಕಟ್ಟುಕಟ್ಟಾಗಿ. ಮಲ್ಲಿಗೆಯನ್ನು ಈಗಲೂ ಇಲ್ಲಿ ಮೊಳದ ಲೆಕ್ಕದಲ್ಲೇ ಕೊಡುತ್ತಾರೆ: ಮೊಳಕೈಯಿಂದ ನಡುಬೆರಳ ತುದಿಯವರೆಗೆ. ಯಾರ ಮೊಳಕೈ ಎಂಬುದೇ ಇಲ್ಲಿನ ವ್ಯಾಪಾರದ ಗುಟ್ಟು. ಅಜ್ಜಿ ಕುಳ್ಳಿ. ಆದ್ದರಿಂದ ಸಾಲಿನಲ್ಲೇ ಎತ್ತರದ ಆಳನ್ನು ಹುಡುಕಿ ಅವನ ಅಂಗಡಿ ಮುಂದೆ ನಿಲ್ಲುತ್ತಿದ್ದಳು. ಅವನು ಬೆರಳನ್ನು ಒಂದಿಷ್ಟು ಮಡಚಿ ಅಳೆದರೆ ಸಾಕು, "ಯಾಕಪ್ಪಾ, ಬೆಳಿಗ್ಗೆಯಿಂದ ನಿನ್ ಕೈ ಗಿಡ್ಡ ಆಗೋಯ್ತಾ?" ಅವನು ನಗುತ್ತಾ ಬೆರಳು ಬಿಡಿಸುತ್ತಿದ್ದ. ಮೇಲೊಂದು ನಾಲ್ಕು ಬೆರಳು ಹೂವನ್ನೂ ಬಿಡುತ್ತಿದ್ದ. ಬಾಳೆಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ಆ ಪೊಟ್ಟಣ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ತಣ್ಣಗೆ ಕೂತಿರುತ್ತಿತ್ತು. ಈ ಚೌಕಾಸಿಗೆ ನಾನು ಆಗ ನಾಚಿಕೊಂಡು ಎರಡು ಅಂಗಡಿ ಆಚೆ ನಿಲ್ಲುತ್ತಿದ್ದೆ. ಅದೊಂದು ಕೊರಗು ಉಳಿದಿದೆ.

ಉತ್ತರಕ್ಕೆ ನಡೆದಷ್ಟೂ ಮಾರುಕಟ್ಟೆಯ ಆಯಾಸ ಕಾಣುತ್ತದೆ. ಧನ್ವಂತರಿ ರಸ್ತೆಯ ಕಡೆಯ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದುಬಿತ್ತು. ಕೆಡವಿ ಕಟ್ಟಬೇಕೋ, ಉಳಿಸಿ ದುರಸ್ತಿ ಮಾಡಬೇಕೋ ಎಂಬ ವಾದ ಅಲ್ಲಿಂದಾಚೆಗೆ ಕೋರ್ಟಿನವರೆಗೂ ಹೋಯಿತು. ಉಳಿಸಬೇಕು ಎಂಬುದೇ ನನ್ನ ಮತ. ಹೊಸ ಕಟ್ಟಡದಲ್ಲಿ ಅಂಗಡಿಗಳಿಗೆ ಜಾಗ ಸಿಗಬಹುದು; ಗೋಣಿಚೀಲದ ಮೇಲೆ ಕೂತವನಿಗೂ ನಿಂತ ಅಜ್ಜಿಗೂ ನಡುವೆ ಇದ್ದ ಆ ಎರಡಡಿ ಅಂತರ ಯಾವ ನಕ್ಷೆಯಲ್ಲಿ ಬರುತ್ತದೆ?

ವಾಪಸು ಹೂವಿನ ಸಾಲಿಗೆ ಬಂದು, ಎತ್ತರದ ಹುಡುಗನೊಬ್ಬನ ಮುಂದೆ ನಿಂತೆ. ಎರಡು ಮೊಳ ಅಳೆದ. ಬೆರಳು ಮಡಚಿತ್ತು. ಅಜ್ಜಿಯ ಮಾತು ಬಾಯಿಗೆ ಬಂದಿತ್ತು, ಆಡಲು ಧೈರ್ಯ ಬರಲಿಲ್ಲ. ಸುಮ್ಮನೆ ಅವನ ಬೆರಳನ್ನೇ ನೋಡಿದೆ. ಅವನು ನನ್ನ ಮುಖ ನೋಡಿ, ಕೈ ಬಿಡಿಸಿ, ಮತ್ತೆ ಮೊದಲಿನಿಂದ ಅಳೆದ.

ಮನೆಗೆ ಬಂದು ಹಾಕಿದರೆ, ಅಜ್ಜಿಯ ಫೋಟೋಗೆ ಒಂದು ಮೊಳವೇ ಸಾಕಾಯಿತು. ಇನ್ನೊಂದನ್ನು ಅಮ್ಮ ಮುಡಿದುಕೊಂಡಳು.