ಉಪ್ಪುನೀರಿನಲ್ಲಿ ಬಲ್ಬ್ ಮಂದ ಮಾಡಿದರೆ ಕರೆಂಟ್ ಬಿಲ್ ಅರ್ಧವಾಗುತ್ತಾ?

ಒಂದು ಪ್ಲಾಸ್ಟಿಕ್ ಡಬ್ಬ. ಅದರ ತುಂಬ ನೀರು, ಒಂದು ಚಮಚ ಉಪ್ಪು. ನೀರಿನೊಳಗೆ ಎರಡು ಲೋಹದ ತುಂಡು, ಅವುಗಳಿಗೆ ಸುತ್ತಿದ ವೈರು, ಆಚೆ ಬದಿಗೆ ಒಂದು ಬಲ್ಬು. ತುಂಡುಗಳನ್ನು ದೂರ ಸರಿಸಿದರೆ ಬಲ್ಬು ಮಂಕಾಗುತ್ತದೆ, ಹತ್ತಿರ ತಂದರೆ ಪ್ರಕಾಶಮಾನವಾಗುತ್ತದೆ. ಈ ಬಗೆಯ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಜೊತೆಗೆ "ಡಿಮ್ಮರ್‌ಗೆ ದುಡ್ಡು ಕೊಡಬೇಡಿ, ಕರೆಂಟ್ ಬಿಲ್ ಅರ್ಧ ಮಾಡಿ" ಎಂಬ ಧಾಟಿಯ ಒಂದು ಸಾಲು.

ವಿಡಿಯೊದಲ್ಲಿ ಕಾಣುವುದು ಸುಳ್ಳಲ್ಲ. ಗ್ರಾಫಿಕ್ಸ್ ಕೂಡ ಅಲ್ಲ. ಉಪ್ಪುನೀರು ನಿಜಕ್ಕೂ ಬಲ್ಬಿನ ಬೆಳಕನ್ನು ತಗ್ಗಿಸುತ್ತದೆ. ದೊಡ್ಡ ದೊಡ್ಡ ನಾಟಕಮಂದಿರಗಳು ಒಂದು ಕಾಲದಲ್ಲಿ ಇದೇ ಉಪಾಯವನ್ನು ನೆಚ್ಚಿಕೊಂಡಿದ್ದವು. ಆದರೆ ಜೊತೆಗೆ ಬರುವ ಸಾಲು ತಪ್ಪು. ಮನೆಯಲ್ಲಿ ಇದನ್ನು ಮಾಡಿ ನೋಡುವುದಂತೂ ಜೀವಕ್ಕೇ ಅಪಾಯ. ಎರಡಕ್ಕೂ ಕಾರಣ ಬೇಕೆಂದರೆ ಡಿಮ್ಮರ್ ಹುಟ್ಟಿದ ಕಥೆಯನ್ನು ಸ್ವಲ್ಪ ನೋಡಬೇಕು.

ಗ್ಯಾಸ್ ದೀಪಕ್ಕೆ ನಲ್ಲಿ ಇತ್ತು, ಬಲ್ಬಿಗೆ ಇರಲಿಲ್ಲ

ಕರೆಂಟ್ ಬರುವ ಮೊದಲು ಯುರೋಪಿನ ನಾಟಕಮಂದಿರಗಳಲ್ಲಿ ಉರಿಯುತ್ತಿದ್ದದ್ದು ಗ್ಯಾಸ್ ದೀಪ. ರಂಗದ ಪಕ್ಕದಲ್ಲಿ ಸಾಲಾಗಿ ನಲ್ಲಿಗಳಿರುತ್ತಿದ್ದವು. ಸಂಜೆಯ ದೃಶ್ಯ ಬೇಕೇ? ನಲ್ಲಿಯನ್ನು ಅರ್ಧ ತಿರುಗಿಸಿದರೆ ಆಯಿತು. ಬೆಳಕು ನಿಧಾನವಾಗಿ ಇಳಿಯುತ್ತಿತ್ತು, ಏರುತ್ತಿತ್ತು. ತೊಂದರೆ ಏನೆಂದರೆ ಬೆಂಕಿ. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ಗ್ಯಾಸ್ ದೀಪ ಹಚ್ಚುವಾಗ ಹೊತ್ತಿಕೊಂಡ ಬೆಂಕಿ ನೂರಾರು ಪ್ರೇಕ್ಷಕರನ್ನು ಬಲಿ ತೆಗೆದುಕೊಂಡಿತು.

ಅದಕ್ಕೆ ಎರಡು ತಿಂಗಳು ಮೊದಲು, ಅದೇ ವರ್ಷದ ಅಕ್ಟೋಬರ್ 10ರಂದು, ಲಂಡನ್ನಿನಲ್ಲಿ ರಿಚರ್ಡ್ ಡಾಯ್ಲಿ ಕಾರ್ಟ್ ಎಂಬಾತ ಸವಾಯ್ ಥಿಯೇಟರ್ ತೆರೆದಿದ್ದ. ಜೋಸೆಫ್ ಸ್ವಾನ್ ತಯಾರಿಸಿದ ಸುಮಾರು 1,200 ಬಲ್ಬುಗಳು, ಅವುಗಳಿಗೆ ಕರೆಂಟ್ ಕೊಡಲು ಉಗಿಯಂತ್ರದಿಂದ ತಿರುಗುವ ಜನರೇಟರುಗಳು. ಮೊದಲ ದಿನ ಪ್ರೇಕ್ಷಕರು ಕೂರುವ ಕಡೆ ಮಾತ್ರ ಬಲ್ಬು ಬೆಳಗಿದವು. ರಂಗದ ಮೇಲೆ ಅವು ಬೆಳಗಿದ್ದು ಡಿಸೆಂಬರ್ 28ರಂದು. ಅಂದು ಕಾರ್ಟ್ ಉರಿಯುತ್ತಿದ್ದ ಒಂದು ಬಲ್ಬನ್ನು ಹಿಡಿದು ವೇದಿಕೆಗೆ ಬಂದ, ಅದಕ್ಕೆ ತೆಳು ಮಸ್ಲಿನ್ ಬಟ್ಟೆ ಸುತ್ತಿದ, ಎಲ್ಲರೆದುರು ಒಡೆದ. ಬಟ್ಟೆಗೆ ಬೆಂಕಿ ಹತ್ತಲಿಲ್ಲ. ಅಂದಿನ ಜನರಿಗೆ ಅದೇ ದೊಡ್ಡ ಸುದ್ದಿ. (ಶಿವನಸಮುದ್ರದ ಕರೆಂಟ್ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂದರೆ ಇದಾಗಿ 24 ವರ್ಷಕ್ಕೆ.)

ಬೆಂಕಿಯ ಭಯವೇನೋ ಕಡಿಮೆಯಾಯಿತು. ಆದರೆ ಬಲ್ಬಿಗೆ ನಲ್ಲಿ ಎಲ್ಲಿ? ಸ್ವಿಚ್ಚು ಹಾಕಿದರೆ ಪೂರ್ತಿ ಬೆಳಕು, ತೆಗೆದರೆ ಪೂರ್ತಿ ಕತ್ತಲೆ. ನಾಟಕಕ್ಕೆ ಇದು ಸಾಲದು. ಅದಕ್ಕಾಗಿ ಸವಾಯ್‌ನಲ್ಲಿ ಆಗಲೇ ಬೆಳಕನ್ನು ಆರು ಹಂತಗಳಲ್ಲಿ ಇಳಿಸುವ ರೆಗ್ಯುಲೇಟರುಗಳನ್ನು ಇಟ್ಟಿದ್ದರು. ಕರೆಂಟ್ ಹರಿಯುವ ದಾರಿಯಲ್ಲಿ ಹೆಚ್ಚು ಕಡಿಮೆ ಅಡ್ಡಿ ಒಡ್ಡುವುದೇ ಅವುಗಳ ಕೆಲಸ. ಈ ಅಡ್ಡಿಗೆ ವಿಜ್ಞಾನದ ಪುಸ್ತಕದಲ್ಲಿ ರೋಧ ಎನ್ನುತ್ತಾರೆ, ಎಲೆಕ್ಟ್ರಿಷಿಯನ್ ಬಾಯಲ್ಲಿ ಅದು ರೆಸಿಸ್ಟೆನ್ಸ್.

ಉಪ್ಪುನೀರಿನ ಜಾಡಿ

ರೆಸಿಸ್ಟೆನ್ಸ್ ಮಾಡಲು ಸುಲಭದ ದಾರಿ ಸುರುಳಿ ಸುತ್ತಿದ ಲೋಹದ ತಂತಿ. ಆದರೆ ಹತ್ತಾರು ಬಲ್ಬುಗಳ ಕರೆಂಟ್ ತಡೆದುಕೊಳ್ಳುವ ತಂತಿ ದುಬಾರಿ. ಅದಕ್ಕಿಂತ ಅಗ್ಗವಾದದ್ದು ನೀರು. ಪಿಂಗಾಣಿ ಜಾಡಿಗೋ ಹೊಳಪು ಮಣ್ಣಿನ ಕೊಳವೆಗೋ ಉಪ್ಪುನೀರು ತುಂಬುತ್ತಿದ್ದರು. ತಳದಲ್ಲಿ ಒಂದು ಲೋಹದ ತಟ್ಟೆ ಕದಲದಂತೆ ಕೂತಿರುತ್ತಿತ್ತು. ಇನ್ನೊಂದು ತಟ್ಟೆ ಮೇಲಿನಿಂದ ಹಗ್ಗದಲ್ಲಿ ತೂಗುತ್ತಿತ್ತು. ಹಗ್ಗ ಬಿಟ್ಟಂತೆ ಮೇಲಿನ ತಟ್ಟೆ ಕೆಳಗಿಳಿದು ಎರಡರ ನಡುವಿನ ನೀರು ಕಡಿಮೆಯಾಗುತ್ತದೆ, ಅಡ್ಡಿ ಕಡಿಮೆಯಾಗುತ್ತದೆ, ಬೆಳಕು ಏರುತ್ತದೆ. ತಟ್ಟೆಗಳು ಒಂದಕ್ಕೊಂದು ತಾಗಿದರೆ ಪೂರ್ತಿ ಬೆಳಕು. ಹಗ್ಗ ಎಳೆದರೆ ಸೂರ್ಯಾಸ್ತ. ತಂತಿಯ ರೆಗ್ಯುಲೇಟರಿನಂತೆ ಹಂತ ಹಂತವಾಗಿ ಜಿಗಿಯದೆ ನಯವಾಗಿ ಇಳಿಯುವ ಬೆಳಕು ಇದರ ಹೆಗ್ಗಳಿಕೆ.

ಆದರೆ ಇದನ್ನು ನಡೆಸುವವನ ಪಾಡು ಬೇರೆ. ಬಲ್ಬಿಗೆ ಹೋಗದೆ ಉಳಿದ ಶಕ್ತಿಯೆಲ್ಲ ನೀರನ್ನು ಕಾಯಿಸುತ್ತದೆ. ಮಂದ ಬೆಳಕಿನ ದೃಶ್ಯ ಉದ್ದವಾದರೆ ಜಾಡಿ ಕುದಿಯಲು ಶುರು. ಉಪ್ಪುನೀರು ಬಿಸಿಯಾದಷ್ಟೂ ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಯಾರೂ ಹಗ್ಗ ಮುಟ್ಟದಿದ್ದರೂ ರಂಗದ ಮೇಲಿನ ಬೆಳದಿಂಗಳು ತಾನಾಗಿ ಏರಿಬಿಡುತ್ತಿತ್ತು. ನೀರು ಆವಿಯಾದಂತೆ ಮತ್ತೆ ತುಂಬಬೇಕು. ತಟ್ಟೆಗಳು ತುಕ್ಕು ಹಿಡಿದು ಸವೆಯುತ್ತವೆ. ಆ ಕಾಲದಲ್ಲಿ ಅನೇಕ ಕಡೆ ಇದ್ದದ್ದು ಡಿಸಿ ಕರೆಂಟ್. ಡಿಸಿಯನ್ನು ಉಪ್ಪುನೀರಿಗೆ ಹಾಯಿಸಿದರೆ ಒಂದು ತಟ್ಟೆಯ ಬಳಿ ಹೈಡ್ರೋಜನ್, ಇನ್ನೊಂದರ ಬಳಿ ಕ್ಲೋರಿನ್ ಹೊರಬರುತ್ತದೆ. ಒಂದು ಹೊತ್ತಿಕೊಳ್ಳುವ ಅನಿಲ, ಇನ್ನೊಂದು ಉಸಿರುಗಟ್ಟಿಸುವ ಅನಿಲ.

ಡಬ್ಬದಲ್ಲಿ ಅಡಗಿರುವ ಶಾಕ್

ಹಳೆಯ ರಂಗಮಂದಿರದಲ್ಲಿ ಈ ಜಾಡಿಗಳ ಬಳಿ ತಿಳಿದವರು ನಿಂತಿರುತ್ತಿದ್ದರು. ವಿಡಿಯೊ ನೋಡಿ ಅಡುಗೆಮನೆಯ ಕಟ್ಟೆಯ ಮೇಲೆ ಮಾಡುವವರಿಗೆ ಆ ರಕ್ಷಣೆ ಇಲ್ಲ.

ಹೆಚ್ಚಿನವರು ಮೋಸಹೋಗುವುದು ಇಲ್ಲಿ: ತುಂಡುಗಳನ್ನು ದೂರ ಸರಿಸಿದಾಗ ಬಲ್ಬು ಪೂರ್ತಿ ಆರಿದಂತೆ ಕಾಣುತ್ತದೆ. ಆಗ "ಕರೆಂಟ್ ಇಲ್ಲ" ಎಂದುಕೊಂಡು ಕೈ ಹಾಕುತ್ತಾರೆ. ಆದರೆ ಫೇಸ್ ಕಡೆಯ ತುಂಡಿನಲ್ಲಿ ಆಗಲೂ 230 ವೋಲ್ಟ್ ಹಾಗೆಯೇ ಇದೆ. ನೀರು ಕೂಡ ಕರೆಂಟಿನ ದಾರಿಯ ಒಂದು ಭಾಗ. ನೀವು ನೆಲದ ಮೇಲೆ ನಿಂತು ಆ ನೀರನ್ನೋ ಲೋಹವನ್ನೋ ಮುಟ್ಟಿದರೆ ಕರೆಂಟ್ ಬಲ್ಬಿನ ದಾರಿ ಬಿಟ್ಟು ನಿಮ್ಮ ಮೈಯ ದಾರಿ ಹಿಡಿಯುತ್ತದೆ. ಕೈ ಒದ್ದೆಯಿದ್ದರೆ ಇನ್ನೂ ಸಲೀಸು. ಮನೆಯಲ್ಲಿ ಶಾಕ್ ತಪ್ಪಿಸಲು ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಸೋರಿದ ಕೂಡಲೇ ಲೈನ್ ಕಡಿಯುವಂತೆ ಇರುತ್ತದೆ. ಅದಕ್ಕಿಂತ ಹೆಚ್ಚು ಕರೆಂಟ್ ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ತಪ್ಪಬಹುದು. 100 ವಾಟಿನ ಒಂದು ಬಲ್ಬು ಎಳೆಯುವುದು ಸುಮಾರು 430 ಮಿಲಿ ಆಂಪಿಯರ್. ಸಾಮಾನ್ಯ ಫ್ಯೂಸು ಇಷ್ಟಕ್ಕೆಲ್ಲ ಹಾರುವುದೇ ಇಲ್ಲ, ಅದು ಇರುವುದು ವೈರನ್ನು ಕಾಪಾಡಲು, ಮನುಷ್ಯನನ್ನಲ್ಲ.

ಮಕ್ಕಳ ಸೈನ್ಸ್ ಪ್ರಾಜೆಕ್ಟಿಗೆ ಇದು ಬೇಕೇ ಬೇಕೆಂದರೆ ಒಂದೆರಡು ಟಾರ್ಚ್ ಸೆಲ್ಲು, ಒಂದು ಚಿಕ್ಕ ಟಾರ್ಚ್ ಬಲ್ಬು ಸಾಕು. ತತ್ವ ಅದೇ. ಗೋಡೆಯ ಪ್ಲಗ್ಗಿಗೆ ಮಾತ್ರ ಬೇಡ.

ಬೆಳಕು ಹತ್ತನೇ ಒಂದು ಭಾಗ, ಬಿಲ್ಲು ಮೂರನೇ ಎರಡು ಭಾಗ

ಈಗ ಬಿಲ್ಲಿನ ಮಾತು. 230 ವೋಲ್ಟಿನ 100 ವಾಟ್ ಹಳೇ ಬಲ್ಬು, ಅಂದರೆ ಒಳಗೆ ತಂತಿ ಕೆಂಪಗೆ ಕಾಯುವ ಬಲ್ಬು ಇದೆ ಎನ್ನಿ. ಅದರ ಜೊತೆ ಒಂದು ರೆಸಿಸ್ಟೆನ್ಸ್ ಸೇರಿಸಿ ಬಲ್ಬಿಗೆ ಅರ್ಧ ವೋಲ್ಟೇಜ್ ಮಾತ್ರ ಸಿಗುವಂತೆ ಮಾಡಿದೆವು. ತಂತಿ ಉಪಯೋಗಿಸಿದರೂ ಒಂದೇ, ಉಪ್ಪುನೀರಾದರೂ ಒಂದೇ.

ಬೆಳಕು ಅರ್ಧವಾಗುತ್ತದೆಯೇ? ಇಲ್ಲ. ಸುಮಾರು ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ. ಒಳಗಿನ ತಂತಿ ತಣ್ಣಗಾದಂತೆ ಅದು ಬೆಳಕಿಗಿಂತ ಬರಿಯ ಶಾಖವನ್ನೇ ಹೆಚ್ಚು ಕೊಡುತ್ತದೆ, ಬಣ್ಣ ಕೆಂಪಿಗೆ ತಿರುಗುತ್ತದೆ. ಬಲ್ಬು ಈಗ ಬಳಸುತ್ತಿರುವುದು ಸುಮಾರು 33 ವಾಟ್. ಪರವಾಗಿಲ್ಲವಲ್ಲ ಎನ್ನಬೇಡಿ. ಉಳಿದ ಅರ್ಧ ವೋಲ್ಟೇಜ್ ರೆಸಿಸ್ಟೆನ್ಸ್ ಮೇಲಿದೆ, ಅಲ್ಲೂ ಅಷ್ಟೇ ಶಕ್ತಿ ಸುಡುತ್ತಿದೆ. ಮೀಟರಿಗೆ ಬಲ್ಬು ಬೇರೆ, ನೀರು ಬೇರೆ ಎಂಬ ಭೇದವಿಲ್ಲ. ಎರಡೂ ಸೇರಿ ಸುಮಾರು 66ರಿಂದ 68 ವಾಟ್.

ಹೀಗೆ ಬೆಳಕು ಸಿಕ್ಕಿದ್ದು ಹತ್ತರಲ್ಲಿ ಒಂದು ಪಾಲು, ಯೂನಿಟ್ ಖರ್ಚಾದದ್ದು ಮೂರರಲ್ಲಿ ಎರಡು ಪಾಲು. ಬಿಲ್ಲು ಸ್ವಲ್ಪ ಇಳಿಯಿತು, ನಿಜ. ಆದರೆ ಅದೇ ಮಂದ ಬೆಳಕನ್ನು ಒಂದೂವರೆ ವಾಟಿನ ಎಲ್‌ಇಡಿ ಹೆಚ್ಚುಕಡಿಮೆ ಕೊಡುತ್ತದೆ.

ನಾಟಕಮಂದಿರದ ಲೆಕ್ಕಕ್ಕೆ ಬಂದರೆ ಇಂಥ ಇಪ್ಪತ್ತು ಬಲ್ಬು ಒಂದು ಜಾಡಿಗೆ ಸೇರಿಸಿದ್ದಾರೆ ಎಂದುಕೊಳ್ಳಿ. ಜಾಡಿಯಲ್ಲಿ 600-700 ವಾಟ್ ಶಾಖ. ಸ್ನಾನದ ನೀರು ಕಾಯಿಸುವ ಸಣ್ಣ ಕಾಯಿಲನ್ನು ಬಕೆಟ್ಟಿಗೆ ಇಳಿಬಿಟ್ಟ ಹಾಗೆ. ಕುದಿಯದೆ ಇನ್ನೇನು?

ತಂತಿಯ ಡಿಮ್ಮರಿಗೆ ಇನ್ನೊಂದು ವಿಚಿತ್ರ ಗುಣವಿತ್ತು. 1000 ವಾಟ್ ದೀಪಕ್ಕೆಂದು ಮಾಡಿದ್ದನ್ನು 500 ವಾಟ್ ದೀಪಕ್ಕೆ ಹಾಕಿದರೆ ದೀಪ ಪೂರ್ತಿ ಆರುತ್ತಲೇ ಇರಲಿಲ್ಲ. ಆಗ ರಂಗದವರು ಏನು ಮಾಡುತ್ತಿದ್ದರು ಗೊತ್ತೇ? ಯಾರಿಗೂ ಕಾಣದ ಮೂಲೆಯಲ್ಲಿ ಇನ್ನೊಂದು 500 ವಾಟ್ ದೀಪವನ್ನು ಸುಮ್ಮನೆ ಉರಿಸಿಡುತ್ತಿದ್ದರು, ಡಿಮ್ಮರಿಗೆ ಲೆಕ್ಕ ಸರಿಹೋಗಲೆಂದು. ಬೆಳಕು ಕಡಿಮೆ ಮಾಡಲು ಇನ್ನೊಂದು ದೀಪ ಹಚ್ಚುವುದು!

ತಡೆಯುವುದಲ್ಲ, ಕತ್ತರಿಸುವುದು

ಈ ದಂಡ ಅಂದಿನವರಿಗೂ ಗೊತ್ತಿತ್ತು. ಅಮೆರಿಕದ ಕಪ್ಪುವರ್ಣೀಯ ಸಂಶೋಧಕ ಗ್ರಾನ್‌ವಿಲ್ ವುಡ್ಸ್ 1896ರಲ್ಲಿ ರಂಗಮಂದಿರದ ದೀಪಗಳನ್ನು ರೆಸಿಸ್ಟೆನ್ಸ್ ಸುಡದೆ ನಿಯಂತ್ರಿಸಲು ಒಂದು ಪೇಟೆಂಟ್ ಪಡೆದ. ಇವನೇ ಡಿಮ್ಮರ್ ಕಂಡುಹಿಡಿದವನು ಎಂಬ ಪೋಸ್ಟರೂ ಓಡಾಡುತ್ತಿರುತ್ತದೆ. ಸವಾಯ್‌ನ ರೆಗ್ಯುಲೇಟರುಗಳು ಅದಕ್ಕಿಂತ 15 ವರ್ಷ ಹಳೆಯವು. ವುಡ್ಸ್ ಮಾಡಹೊರಟದ್ದು ಮೊದಲ ಡಿಮ್ಮರನ್ನಲ್ಲ, ಕಡಿಮೆ ದಂಡದ ಡಿಮ್ಮರನ್ನು. ಅದೇನು ಚಿಕ್ಕ ಮಾತಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಮನೆಗಳಿಗೆ "ಹೈಲೋ" ಎಂಬ ಬಲ್ಬು ಬಂತು. ಒಂದೇ ಗಾಜಿನೊಳಗೆ ದೊಡ್ಡದೊಂದು, ಚಿಕ್ಕದೊಂದು ತಂತು. ರಾತ್ರಿ ಚಿಕ್ಕದನ್ನು ಉರಿಸಿದರಾಯಿತು. ನನಗೆ ಈ ಉಪಾಯ ಬಹಳ ಇಷ್ಟ. 1930ರ ದಶಕದಲ್ಲಿ ವೋಲ್ಟೇಜನ್ನೇ ಇಳಿಸುವ ಟ್ರಾನ್ಸ್‌ಫಾರ್ಮರ್ ಬಗೆಯ ಡಿಮ್ಮರ್ ಬಳಕೆಗೆ ಬಂತು. ಶಾಖದ ದಂಡ ಬಹುಮಟ್ಟಿಗೆ ತಪ್ಪಿತು, ಆದರೆ ಅದು ಇಟ್ಟಿಗೆಯಂತೆ ಭಾರ.

ಗೋಡೆಯ ಸ್ವಿಚ್‌ಬೋರ್ಡಿನೊಳಗೆ ಕೂರುವ ಡಿಮ್ಮರ್ ಬಂದದ್ದು 1959ರ ನಂತರ. ನ್ಯೂಯಾರ್ಕಿನ ಜೋಯೆಲ್ ಸ್ಪೈರಾ ಅದಕ್ಕೆ ರೂಪ ಕೊಟ್ಟು 1961ರಲ್ಲಿ ಲುಟ್ರಾನ್ ಕಂಪನಿ ಶುರುಮಾಡಿದರು. ಈ ಬಗೆಯ ಡಿಮ್ಮರ್ ಕರೆಂಟನ್ನು ತಡೆದು ಸುಡುವುದಿಲ್ಲ. ನಮ್ಮ ಮನೆಯ ಎಸಿ ಕರೆಂಟ್ ಸೆಕೆಂಡಿಗೆ 50 ಸುತ್ತು ಹಾಕುತ್ತದೆ, ಅಂದರೆ 100 ಅರ್ಧ ಅಲೆಗಳು. ಪ್ರತಿ ಅರ್ಧ ಅಲೆಯಲ್ಲೂ ಸ್ವಲ್ಪ ಹೊತ್ತು ಸ್ವಿಚ್ಚು ಆಫ್, ಉಳಿದ ಹೊತ್ತು ಆನ್. ಬಲ್ಬಿನ ಬಿಸಿ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲವಾದ್ದರಿಂದ ಕಣ್ಣಿಗೆ ಮಿಟುಕು ಕಾಣುವುದಿಲ್ಲ, ಮಂದ ಬೆಳಕು ಕಾಣುತ್ತದೆ. ಮೇಲಿನ ಉದಾಹರಣೆಯ ಬಲ್ಬನ್ನು ಇದರಿಂದ ಅಷ್ಟೇ ಮಂದ ಮಾಡಿದರೆ ಖರ್ಚು 68 ವಾಟ್ ಅಲ್ಲ, ಹೆಚ್ಚುಕಡಿಮೆ 33 ವಾಟ್ ಮಾತ್ರ.

ಫ್ಯಾನಿನ ಫಾರ್ವರ್ಡ್

"ಫ್ಯಾನ್ ಒಂದರಲ್ಲಿ ಇಟ್ಟರೂ ಐದರಲ್ಲಿ ಇಟ್ಟರೂ ಬಿಲ್ಲು ಒಂದೇ" ಎಂಬ ಮಾತು ಬಂದದ್ದೂ ಈ ಕಥೆಯಿಂದಲೇ. ನಮ್ಮ ಅಜ್ಜಿಯ ಮನೆಯ ಗೋಡೆಯಲ್ಲಿ ಒಂದು ದಪ್ಪ ಕಪ್ಪು ರೆಗ್ಯುಲೇಟರ್ ಪೆಟ್ಟಿಗೆ ಇತ್ತು. ಫ್ಯಾನು ಎರಡರಲ್ಲಿ ತಿರುಗುವಾಗ ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಬೆಕ್ಕಿಗೆ ಅದು ಎಟುಕುತ್ತಿರಲಿಲ್ಲ ಎಂಬುದೊಂದೇ ಕೊರತೆ. ಒಳಗಿದ್ದದ್ದು ಅದೇ ತಂತಿ ಸುರುಳಿ, ಅದೇ ಸವಾಯ್ ಕಾಲದ ಉಪಾಯ. ಫ್ಯಾನು ಉಳಿಸಿದ್ದರಲ್ಲಿ ಒಂದು ಪಾಲನ್ನು ಪೆಟ್ಟಿಗೆ ಸುಡುತ್ತಿತ್ತು. ಹಾಗಂತ ಉಳಿತಾಯ ಸೊನ್ನೆಯಾಗಿರಲಿಲ್ಲ, ಹರಿಯುವ ಕರೆಂಟೇ ಕಡಿಮೆಯಾಗಿದ್ದರಿಂದ ಒಂದಿಷ್ಟು ಉಳಿಯುತ್ತಿತ್ತು. ಈಗಿನ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಫ್ಯಾನು ನಿಧಾನ ಮಾಡಿದರೆ ಯೂನಿಟ್ ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಹಾಗಾಗಿ ಆ ಫಾರ್ವರ್ಡ್ ಹಳೆಯ ಕಾಲಕ್ಕೂ ಪೂರ್ತಿ ನಿಜವಲ್ಲ, ಈಗಿನ ಕಾಲಕ್ಕಂತೂ ಅಲ್ಲವೇ ಅಲ್ಲ.

ಇದೇ ಸಾಲಿಗೆ ಸೇರಿದ್ದು ದೇವರ ಮನೆಯ "ಜೀರೋ ವಾಟ್" ಬಲ್ಬು. ಹಳೆಯ ತಂತಿಯ ಜೀರೋ ಬಲ್ಬು ಬಳಸುತ್ತಿದ್ದದ್ದು ಸೊನ್ನೆಯಲ್ಲ, 12ರಿಂದ 15 ವಾಟ್. ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕು ಯೂನಿಟ್ ಹತ್ತಿರ.

ಮನೆಯಲ್ಲಿ ಮಂದ ಬೆಳಕು ಬೇಕಿದ್ದರೆ ಕಡಿಮೆ ವಾಟಿನ ಎಲ್‌ಇಡಿ ತನ್ನಿ, ಅಥವಾ ಡಬ್ಬದ ಮೇಲೆ "ಡಿಮ್ಮಬಲ್" ಎಂದು ಬರೆದಿರುವ ಎಲ್‌ಇಡಿಗೆ ಅದಕ್ಕೆ ಒಗ್ಗುವ ಡಿಮ್ಮರ್ ಹಾಕಿಸಿ. ಸಾದಾ ಎಲ್‌ಇಡಿಯನ್ನು ಡಿಮ್ಮರಿಗೋ ಫ್ಯಾನಿನ ರೆಗ್ಯುಲೇಟರಿಗೋ ಕೊಟ್ಟರೆ ಅದು ಮಿಟುಕುತ್ತದೆ, ಗುಂಯ್‌ಗುಡುತ್ತದೆ, ಬೇಗ ಕೆಡುತ್ತದೆ. ಅದರೊಳಗೆ ಕಾದು ಬೆಳಗುವ ತಂತಿ ಇಲ್ಲ, ಪುಟ್ಟದೊಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದೆ. ಕತ್ತರಿಸಿ ಬಂದ ಕರೆಂಟನ್ನು ಹೇಗೆ ಬಳಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ.