ಮೊಳಕೆಯ ಸಿರಿಯನ್ನು ಎಷ್ಟು ನಂಬಬಹುದು?

ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಎನ್‌ಎಚ್‌ಎಲ್ ತುತ್ತತುದಿ. ಅದರ ಕೆಳಗಿನ ಮೆಟ್ಟಿಲು ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್. ದೊಡ್ಡ ತಂಡಗಳು ಹುಡುಗರನ್ನು ಪಳಗಿಸುವುದು ಇಲ್ಲಿ. ಗೋಲು ಹೊಡೆದರೂ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್. ಮೊದಲ ವರ್ಷವೇ ಪಾಯಿಂಟ್ ರಾಶಿ ಹಾಕಿದವನು ಮೇಲೆ ಹೋಗಿಯೂ ಮಿಂಚುತ್ತಾನೆಯೇ?

ಅಂಕಿಅಂಶ ತಜ್ಞರ ಬಳಿ ಒಂದು ಸರಳ ಲೆಕ್ಕವಿದೆ. ಎಎಚ್‌ಎಲ್‌ನ ಒಂದು ಪಾಯಿಂಟ್ ಎನ್‌ಎಚ್‌ಎಲ್‌ನಲ್ಲಿ ಸುಮಾರು 0.45ಕ್ಕೆ ಸಮ. ಫಿನ್ಲೆಂಡಿನ ಮಿಕ್ಕೊ ರಾಂಟನೆನ್ 2015-16ರಲ್ಲಿ ಸ್ಯಾನ್ ಆಂಟೋನಿಯೊ ತಂಡಕ್ಕೆ 52 ಪಂದ್ಯಗಳಲ್ಲಿ 60 ಪಾಯಿಂಟ್ ಗಳಿಸಿದ. ಲೆಕ್ಕದ ಪ್ರಕಾರ ಮೇಲೆ ಪಂದ್ಯಕ್ಕೆ 0.52 ಬರಬೇಕು. ಮರುವರ್ಷ ಕೊಲರಾಡೊ ಪರ 75 ಪಂದ್ಯಗಳಲ್ಲಿ 38, ಅಂದರೆ 0.51. ಹೆಚ್ಚುಕಡಿಮೆ ಕರಾರುವಾಕ್ಕು!

ಆದರೆ ಈ ಲೆಕ್ಕ ಹೇಳುವುದು ಮುಂದಿನ ಒಂದು ವರ್ಷವನ್ನು, ಇಡೀ ಬಾಳನ್ನಲ್ಲ. ನಾರ್ಫೋಕ್ ತಂಡದ ಕೋರಿ ಕೊನಾಕರ್ 2011-12ರಲ್ಲಿ 80 ಪಾಯಿಂಟ್ ಗಳಿಸಿ, ಹೊಸಬರ ಪ್ರಶಸ್ತಿಯನ್ನೂ ಲೀಗಿನ ಶ್ರೇಷ್ಠ ಆಟಗಾರನ ಪ್ರಶಸ್ತಿಯನ್ನೂ ಬಾಚಿಕೊಂಡ. ಎನ್‌ಎಚ್‌ಎಲ್‌ನಲ್ಲಿ ಅವನ ಪಂದ್ಯಗಳು ಇನ್ನೂರನ್ನು ಮುಟ್ಟಲಿಲ್ಲ. 2002-03ರ ಶ್ರೇಷ್ಠ ಹೊಸಬ ಡ್ಯಾರೆನ್ ಹೇಡರ್ ಮೇಲೆ ಆಡಿದ್ದು 23 ಪಂದ್ಯ ಮಾತ್ರ. ರಾಂಟನೆನ್ ಮಾತ್ರ 2022-23ರಲ್ಲಿ 105 ಪಾಯಿಂಟ್‌ಗೆ ಏರಿದ.

ವ್ಯತ್ಯಾಸ ಎಲ್ಲಿದೆ? ವಯಸ್ಸಿನಲ್ಲಿ. ರಾಂಟನೆನ್‌ಗೆ ಆಗ 19. ಕಾಲೇಜು ಮುಗಿಸಿ ಬಂದ ಉಳಿದಿಬ್ಬರಿಗೆ 22 ದಾಟಿತ್ತು. ‘ಹೊಸಬ’ ಎಂಬ ಹಣೆಪಟ್ಟಿ ಒಂದೇ, ಆದರೆ ಒಬ್ಬ ಇನ್ನೂ ಬೆಳೆಯುವ ಸಸಿ, ಇನ್ನೊಬ್ಬ ಬಹುಪಾಲು ಬೆಳೆದ ಮರ.

ಎರಡನೆಯದು, ಪಾಯಿಂಟ್ ಬಂದ ದಾರಿ. ಎದುರಾಳಿ ಶಿಕ್ಷೆಗೊಳಗಾಗಿ ಒಬ್ಬ ಕಡಿಮೆಯಿರುವ ಪವರ್ ಪ್ಲೇಯಲ್ಲಿ ಗಳಿಕೆ ಸುಲಭ. ಕೆಳಗೆ ಆ ಅವಕಾಶ ಪಡೆದವನು ಮೇಲೆ ಕಡಿಮೆ ಹೊತ್ತು ಆಡುವ ನಾಲ್ಕನೇ ಸಾಲಿಗೆ ಸರಿದರೆ ಅದು ಕೈತಪ್ಪುತ್ತದೆ.

ಅಪವಾದವೂ ಉಂಟು. ಬ್ರೆಟ್ ಹಲ್ 1986-87ರಲ್ಲಿ ಎಎಚ್‌ಎಲ್‌ನ ಮಾಂಕ್ಟನ್ ತಂಡಕ್ಕೆ 50 ಗೋಲು ಹೊಡೆದಾಗ ಅವನಿಗೂ 22. ಎನ್‌ಎಚ್‌ಎಲ್‌ನಲ್ಲಿ ಅವನ ಗೋಲುಗಳು 741.

ಹಾಗಾಗಿ ಹೊಸಬನ ಪಟ್ಟಿ ಕೈಗೆ ಬಂದರೆ ಮೊದಲು ಹುಟ್ಟಿದ ವರ್ಷ ನೋಡಿ, ಆಮೇಲೆ ಪಂದ್ಯಕ್ಕೆಷ್ಟು ಪಾಯಿಂಟ್ ಎಂದು ಭಾಗಿಸಿ, ಅದರಲ್ಲಿ ಪವರ್ ಪ್ಲೇ ಪಾಲನ್ನು ಬೇರ್ಪಡಿಸಿ. ಒಟ್ಟು ಮೊತ್ತವನ್ನು ಕೊನೆಗೆ ನೋಡಿದರೆ ಸಾಕು.