ಲಿನಕ್ಸ್‌ಗೆ ಬಂದಿರಾ? ಫೈಲ್ ಮ್ಯಾನೇಜರ್ ಯಾವುದು ಅಂತ ನೀವೇ ನಿರ್ಧರಿಸಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಗಟ್ಟಿಮುಟ್ಟಾಗಿಯೇ ಇರುವ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರು ನನ್ನ ಸುತ್ತಲೇ ಹಲವರಿದ್ದಾರೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ಅನ್ನೋ ಕಾರಣಕ್ಕೆ, 'ಯಾವ ಡಿಸ್ಟ್ರೋ ಒಳ್ಳೇದು?' ಅಂತ ನನ್ನನ್ನೇ ಕೇಳ್ತಾರೆ. ನಾನು ಮರುಪ್ರಶ್ನೆ ಹಾಕ್ತೀನಿ: ದಿನವಿಡೀ ಫೈಲುಗಳ ಜೊತೆ ನೀವು ಮಾಡುವ ಕೆಲಸ ಏನು?

ವಿಂಡೋಸ್‌ನಿಂದ ಬಂದವರಿಗೆ ಫೈಲ್ ಮ್ಯಾನೇಜರ್ ಅಂದ್ರೆ ಹಳದಿ ಫೋಲ್ಡರ್ ಚಿತ್ರದ ಎಕ್ಸ್‌ಪ್ಲೋರರ್. ಅದು ಕಂಪ್ಯೂಟರಿನ ಅಂಗವೇ ಅನ್ನಿಸಿಬಿಟ್ಟಿರುತ್ತೆ. ಲಿನಕ್ಸ್‌ನಲ್ಲಿ ಅದೂ ಒಂದು ಪ್ರೋಗ್ರಾಂ ಅಷ್ಟೇ. ನಿಮ್ಮ ಫೈಲುಗಳು ಹೋಮ್ ಫೋಲ್ಡರಿನಲ್ಲಿ ತಮ್ಮ ಪಾಡಿಗೆ ಇರುತ್ತವೆ. ಫೈಲ್ ಮ್ಯಾನೇಜರ್ ಅವನ್ನು ತೋರಿಸುತ್ತೆ, ಜರುಗಿಸುತ್ತೆ, ಹೆಸರು ಬದಲಿಸುತ್ತೆ. ಇವತ್ತು ಒಂದು, ನಾಳೆ ಇನ್ನೊಂದು ಬಳಸಿದರೂ ಫೈಲುಗಳು ಅಲುಗಾಡಲ್ಲ. ಫೋನಿನಲ್ಲಿ ಬೆಳೆದವರಿಗೆ ಇದು ಹೊಸದು. ಅಲ್ಲಿ ಫೋಟೋ ಎಲ್ಲಿದೆ ಅಂದ್ರೆ 'ಗ್ಯಾಲರಿಯಲ್ಲಿದೆ', 'ವಾಟ್ಸಾಪಲ್ಲಿದೆ' ಅಂತೀವಿ. ದಾಖಲೆ ನಮ್ಮದು, ವಿಳಾಸ ಆ್ಯಪಿನದು. ಆರ್‌ಟಿಐ ಉತ್ತರ, ಎಫ್‌ಐಆರ್ ಪ್ರತಿ, ಪ್ರತಿಭಟನೆಯ ವಿಡಿಯೋಗಳನ್ನು ವರ್ಷಗಟ್ಟಲೆ ಜೋಪಾನ ಮಾಡಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸರಿ, ಇಷ್ಟೊಂದು ಫೈಲ್ ಮ್ಯಾನೇಜರುಗಳು ಯಾಕಿವೆ? ಉತ್ತರ ಸ್ವಲ್ಪ ರಾಜಕೀಯದ್ದು.

ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಈಗ 'ಫೈಲ್ಸ್' ಅಂತ ಕಾಣುವ ಪ್ರೋಗ್ರಾಂನ ಮೂಲ ಹೆಸರು ನಾಟಿಲಸ್. ಅದನ್ನು ಕಟ್ಟಿದ್ದು ಈಝೆಲ್ ಎಂಬ ಕಂಪನಿ. ಆ್ಯಪಲ್‌ನ ಮೊದಲ ಮ್ಯಾಕಿಂಟಾಷ್ ತಂಡದಲ್ಲಿದ್ದ ಆ್ಯಂಡಿ ಹರ್ಟ್ಜ್‌ಫೆಲ್ಡ್ ಅದರ ಸ್ಥಾಪಕರಲ್ಲಿ ಒಬ್ಬರು. 2001ರ ಮಾರ್ಚಿನಲ್ಲಿ ನಾಟಿಲಸ್ 1.0 ಬಂತು, ಮೇ ತಿಂಗಳಲ್ಲಿ ಕಂಪನಿ ಬಾಗಿಲು ಹಾಕಿತು. ಕೋಡ್ ಜಿಪಿಎಲ್ ಲೈಸೆನ್ಸಿನಲ್ಲಿ ಇದ್ದುದರಿಂದ ಗ್ನೋಮ್ ಸಮುದಾಯ ಅದನ್ನು ಮುಂದುವರಿಸಿತು. 2012ರಲ್ಲಿ ಅದೇ ಸಮುದಾಯ, ಸರಳಗೊಳಿಸುವ ಹೆಸರಿನಲ್ಲಿ, ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ತೋರಿಸುವ ಸೌಲಭ್ಯವನ್ನು 3.6ನೇ ಆವೃತ್ತಿಯಿಂದ ಕಿತ್ತುಹಾಕಿತು. ಬಳಕೆದಾರರು ಸಿಟ್ಟಾದರು. ಲಿನಕ್ಸ್ ಮಿಂಟ್ ತಂಡ ಹಿಂದಿನ 3.4ರ ಕೋಡ್ ಎತ್ತಿಕೊಂಡು 'ನೀಮೋ' ಕಟ್ಟಿತು. ಅದಕ್ಕೂ ಹಿಂದಿನ ನಾಟಿಲಸ್ಸೇ ಇರಲಿ ಅಂದವರ ಕೈಯಲ್ಲಿ ಮಾಟೇ ಡೆಸ್ಕ್‌ಟಾಪಿನ 'ಕಾಹಾ' ಹುಟ್ಟಿತು.

ಇದಕ್ಕೆ ಫೋರ್ಕ್ ಅಂತಾರೆ, ಕವಲೊಡೆಯುವುದು. ಮನವಿ ಕೊಟ್ಟು ಕಾಯುತ್ತಾ ಕೂರಬೇಕಿಲ್ಲ, ಕೋಡ್ ಸಮೇತ ಹೊರನಡೆದು ಬೇರೆ ಮನೆ ಮಾಡಬಹುದು. ಹಾಗಂತ ಈ ಹಕ್ಕು ಪುಕ್ಕಟೆ ಅಲ್ಲ. ಹೊರಬಂದವರು ಪ್ರತಿ ವರ್ಷ ಬಗ್ ತಿದ್ದಬೇಕು, ಭದ್ರತಾ ಅಪ್‌ಡೇಟ್ ಕೊಡಬೇಕು. ಆದ್ದರಿಂದ ಯಾವುದನ್ನೇ ಆರಿಸುವ ಮೊದಲು ಅದರ ಕೊನೆಯ ಆವೃತ್ತಿ ಯಾವಾಗ ಬಂತು ಅಂತ ನೋಡಿ. ಹಿಂದೆ ಕೆಲಸ ಮಾಡುವ ಜನ ಇದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.

ಈಗ ಕೆಲಸಕ್ಕೆ ತಕ್ಕ ಆಯ್ಕೆ. ಒಂದು ಫೋಲ್ಡರ್ ತೆರೆದು, ಫೈಲ್ ಹುಡುಕಿ, ಓದಿ ಮುಚ್ಚುವವರಾದರೆ ಉಬುಂಟು ಮತ್ತು ಫೆಡೋರಾ ವರ್ಕ್‌ಸ್ಟೇಷನ್ ಜೊತೆ ಬರುವ ನಾಟಿಲಸ್ ಸಾಕು. ಗೊಂದಲ ಕಡಿಮೆ. ಪೆನ್‌ಡ್ರೈವಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಬ್ಯಾಕಪ್‌ಗೆ ಸದಾ ಸಾಗಿಸುವವರಿಗೆ ಕೆಡಿಇಯ ಡಾಲ್ಫಿನ್ ಅಥವಾ ಮಿಂಟ್‌ನ ನೀಮೋ ಹೇಳಿ ಮಾಡಿಸಿದಂತಿವೆ. ಎರಡರಲ್ಲೂ ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗುತ್ತೆ. ಡಾಲ್ಫಿನ್‌ನಲ್ಲಿ ಎಫ್4 ಒತ್ತಿದರೆ ಅದೇ ಫೋಲ್ಡರಿನಲ್ಲಿ ಟರ್ಮಿನಲ್ ಕೂಡ ತೆರೆದುಕೊಳ್ಳುತ್ತೆ. ರ‍್ಯಾಮ್ ಕಮ್ಮಿ ಇರುವ ಯಂತ್ರಕ್ಕೆ ಎಕ್ಸ್‌ಎಫ್‌ಸಿಇಯ ಥುನಾರ್ ನೋಡಿ. ಹಗುರ ಅಂತ ಅದನ್ನು ಹಗುರವಾಗಿ ಕಾಣಬೇಡಿ. ನೂರಾರು ಫೈಲುಗಳ ಹೆಸರನ್ನು ಒಟ್ಟಿಗೆ ಬದಲಿಸುವ ಸಾಧನ ಅದರೊಳಗೇ ಇದೆ, 2022ರ ಕೊನೆಯಲ್ಲಿ ಬಂದ 4.18ರಿಂದ ಎರಡು ಭಾಗದ ನೋಟವೂ ಇದೆ. ಒಂದು ಮಾತು ನೆನಪಿರಲಿ: ಗ್ನೋಮ್ ಮೇಲೆ ಡಾಲ್ಫಿನ್ ಹಾಕಿದರೆ ಕೆಲಸ ಮಾಡುತ್ತೆ, ಆದರೆ ಕೆಡಿಇಯ ಒಂದಷ್ಟು ಲೈಬ್ರರಿಗಳೂ ಜೊತೆಗೆ ಬರುತ್ತವೆ, ಬಣ್ಣ-ಐಕಾನ್ ಕೊಂಚ ಬೇರೆಯಾಗಿ ಕಾಣಬಹುದು.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೂ ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು ಹೆಸರಿನ ಉದ್ದ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೆ 3 ಬೈಟ್ ಬೇಕು, ಒತ್ತಕ್ಷರ-ಗುಣಿತಕ್ಕೆ ಲೆಕ್ಕ ಬೇರೆ. 'ಸ್ತ್ರೀ' ಅನ್ನೋ ಒಂದೇ ಅಕ್ಷರಕ್ಕೆ 18 ಬೈಟ್! ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್‌ನಲ್ಲಿ ಎಣಿಕೆಯ ರೀತಿಯೇ ಬೇರೆ, ಕನ್ನಡಕ್ಕೆ ಈ ಮೂರು ಪಟ್ಟಿನ ಹೊರೆ ಇಲ್ಲ. ಅದಕ್ಕೇ ಅಲ್ಲಿ ಸಲೀಸಾಗಿ ಇದ್ದ 'ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿ...' ಅಂತ ಸಾಗುವ ಹೆಸರು ಇಲ್ಲಿಗೆ ಕಾಪಿ ಆಗದೆ ನಿಂತುಬಿಡಬಹುದು. ಫೈಲ್ ಮ್ಯಾನೇಜರ್ ಬದಲಿಸಿದರೆ ಇದು ಬಗೆಹರಿಯಲ್ಲ. ಕಾಪಿ ಮಾಡುವ ಮುನ್ನ, ಒಟ್ಟಿಗೆ ಹೆಸರು ಬದಲಿಸುವ ಸೌಲಭ್ಯ ಬಳಸಿ ಹೆಸರುಗಳನ್ನು ಗಿಡ್ಡ ಮಾಡಿಕೊಳ್ಳಿ.

ಎರಡನೆಯದು ಹುಡುಕಾಟ. ನಾಟಿಲಸ್ ಮತ್ತು ಡಾಲ್ಫಿನ್ ಫೈಲಿನ ಒಳಗಿನ ಪದವನ್ನೂ ಹುಡುಕಬಲ್ಲವು. ಅದಕ್ಕಾಗಿ ಹಿನ್ನೆಲೆಯಲ್ಲಿ ಸೂಚಿ ತಯಾರಾಗುತ್ತಿರುತ್ತೆ, ಹಳೇ ಯಂತ್ರಕ್ಕೆ ಇದು ಭಾರ ಅನ್ನಿಸಿದರೆ ಆಫ್ ಮಾಡಬಹುದು. ಆದರೆ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗಷ್ಟೇ ಕನ್ನಡ, ಕಂಪ್ಯೂಟರಿಗೆ ಅದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. 'ಭೂಸ್ವಾಧೀನ' ಅಂತ ಯುನಿಕೋಡ್‌ನಲ್ಲಿ ಹುಡುಕಿದರೆ ಸಿಗೋದಿಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಡಾಲ್ಫಿನ್‌ನ ಟ್ಯಾಗುಗಳನ್ನೂ ಪೂರ್ತಿ ನೆಚ್ಚಿಕೊಳ್ಳಬೇಡಿ. ಅವು ಡಿಸ್ಕಿನಲ್ಲಿ ಫೈಲಿಗೆ ಅಂಟಿಸಿದ ಚೀಟಿಗಳಿದ್ದಂತೆ, ಸಾಮಾನ್ಯ ಪೆನ್‌ಡ್ರೈವಿಗೆ ಹಾಕಿದಾಗ ಉದುರಿಹೋಗುತ್ತವೆ. ದಿನಾಂಕ, ಊರು, ವಿಷಯ ಫೈಲಿನ ಹೆಸರಿನಲ್ಲೇ ಇದ್ದರೆ ಯಾವ ಪ್ರೋಗ್ರಾಂನಲ್ಲೂ ಉಳಿಯುತ್ತೆ.

ನನ್ನ ಸಲಹೆ ಇಷ್ಟೇ. ಡಿಸ್ಟ್ರೋ ಜೊತೆ ಬಂದದ್ದನ್ನು ಒಂದು ವಾರ ಬಳಸಿ. ಫೋನಿನಿಂದ ಫೋಟೋ ಇಳಿಸಿ, ಐವತ್ತು ಫೈಲುಗಳ ಹೆಸರು ಬದಲಿಸಿ, ಒಂದು ಪಿಡಿಎಫ್‌ನೊಳಗಿನ ಪದ ಹುಡುಕಿ. ಎಲ್ಲಿ ಕೈ ಕಟ್ಟಿದಂತಾಗುತ್ತೋ ಅದಕ್ಕೆ ಪರಿಹಾರ ಇರುವ ಇನ್ನೊಂದನ್ನು ಪಕ್ಕದಲ್ಲೇ ಹಾಕಿಕೊಳ್ಳಿ. ಹಿಡಿಸಿದ ಮೇಲೆ ಅದರ ತಂಡಕ್ಕೆ ಒಂದು ಬಗ್ ವರದಿಯನ್ನೋ, ಮೆನುವಿನ ನಾಲ್ಕು ಸಾಲಿನ ಕನ್ನಡ ಅನುವಾದವನ್ನೋ ಕಳಿಸಿ. ಹೊರನಡೆಯುವ ಹಕ್ಕು ಉಳಿಯಬೇಕಾದರೆ, ಉಳಿದು ದುಡಿಯುವವರೂ ಬೇಕಲ್ಲ.